ಯಜಮಾನ ಹೊರದೇಶದಲ್ಲಿ, ಸಂಬಳ ನಂಜನಗೂಡಿನಲ್ಲಿ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿಗೆ ಗೇಟು ದಾಟುವವರಲ್ಲಿ ಹಲವರ ಕಂಪನಿಯ ಒಡೆತನ ಯುರೋಪಿನಲ್ಲಿದೆ. ನೆಸ್ಲೆ ಇಲ್ಲಿ ಕಾರ್ಖಾನೆ ತೆರೆದದ್ದು 1989ರಲ್ಲಿ. ಅದರ ಮೂಲ ಕಂಪನಿ ಇರುವುದು ಸ್ವಿಟ್ಜರ್ಲೆಂಡಿನ ವೆವೆ ಎಂಬ ಊರಿನಲ್ಲಿ. ಸರ್ಕಿಟ್ ಬೋರ್ಡು ತಯಾರಿಸುವ ಎ.ಟಿ. ಅಂಡ್ ಎಸ್. ಆಸ್ಟ್ರಿಯಾದ ಲಿಯೋಬೆನ್‌ನದು, 1999ರಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಅನ್ನು ಕೊಂಡು ನಂಜನಗೂಡಿಗೆ ಕಾಲಿಟ್ಟಿತು. ಇಲ್ಲಿ ಬಿಯರ್ ಘಟಕ ಇಟ್ಟುಕೊಂಡಿರುವ ಯುನೈಟೆಡ್ ಬ್ರೂವರೀಸ್‌ನ ಬಹುಪಾಲು ಷೇರು 2021ರಲ್ಲಿ ನೆದರ್ಲೆಂಡ್ಸಿನ ಹೈನೆಕೆನ್ ಪಾಲಾಯಿತು.

ಹಾಗಾದರೆ ಇಲ್ಲಿ ದುಡಿಯುವವರು ಹೊರದೇಶದ ಕಂಪನಿಯ ನೌಕರರೇ? ಕಾನೂನಿನ ಲೆಕ್ಕದಲ್ಲಿ ಅಲ್ಲ. ಅವರ ಸಂಬಳದ ಚೀಟಿಯ ಮೇಲಿರುವುದು ಭಾರತದಲ್ಲಿ ನೋಂದಣಿಯಾದ ಒಂದು ಕಂಪನಿಯ ಹೆಸರು. ಹೈನೆಕೆನ್ ಬಂದಾಗ ಷೇರಿನ ಒಡೆಯರು ಬದಲಾದರೇ ಹೊರತು ಕೆಲಸ ಕೊಟ್ಟ ಕಂಪನಿ ಬದಲಾಗಲಿಲ್ಲ. ಷೇರು ಯಾರ ಕೈಗೆ ಹೋದರೂ ನೌಕರನ ಪಿ.ಎಫ್. ಖಾತೆ, ಸೇವೆಯ ವರ್ಷಗಳು, ಗ್ರಾಚ್ಯುಟಿಯ ಲೆಕ್ಕ ಎಲ್ಲವೂ ಇದ್ದಲ್ಲೇ ಮುಂದುವರಿಯುತ್ತವೆ.

ಹೊರಗಿನವರು ಹೀಗೆ ಇಲ್ಲಿ ಪ್ರತ್ಯೇಕ ಕಂಪನಿ ಕಟ್ಟುವುದಕ್ಕೆ ಕಾರಣವಿದೆ. ಹೊರದೇಶದ ಕಂಪನಿ ಬರೀ ಸಂಪರ್ಕ ಕಚೇರಿ ತೆರೆದರೆ ಇಲ್ಲಿ ಕಾಸು ಸಂಪಾದಿಸುವಂತಿಲ್ಲ. ಶಾಖೆ ತೆರೆದರೆ ವ್ಯಾಪಾರ ಮಾಡಬಹುದು, ಆದರೆ ತಾನೇ ಸರಕು ತಯಾರಿಸುವಂತಿಲ್ಲ. ಕಾರ್ಖಾನೆ ನಡೆಸಬೇಕೆಂದರೆ ಕಂಪನಿ ಕಾಯ್ದೆಯಡಿ ಇಲ್ಲೇ ಹುಟ್ಟಿದ ಕಂಪನಿ ಬೇಕು. ಅದರ ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷಕ್ಕೆ ಕನಿಷ್ಠ 182 ದಿನ ಭಾರತದಲ್ಲಿ ಇರುವವರಾಗಿರಬೇಕು. ನೋಟಿಸು ಬಂದರೆ ಉತ್ತರ ಕೊಡಲು ಕೈಗೆ ಸಿಗುವವರೊಬ್ಬರು ಇರಲಿ ಎಂಬುದು ಇದರ ಒಳಗುಟ್ಟು.

ಇನ್ನು ಸಂಬಳ. ಬಂಡವಾಳ ಎಲ್ಲಿಂದಲೇ ಬರಲಿ, ಸಂಬಳಕ್ಕೆ ಅನ್ವಯಿಸುವುದು ಕೆಲಸ ನಡೆಯುವ ನೆಲದ ಕಾನೂನು. ಲೆಕ್ಕ ಸುಲಭವಾಗಲೆಂದು ತಿಂಗಳಿಗೆ 20,000 ರೂಪಾಯಿ ಸಂಬಳದ ಒಬ್ಬ ಕೆಲಸಗಾರನನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000. ಮಿಕ್ಕ 5,000 ಇತರೆ ಭತ್ಯೆ. 15,000ದ ಮೇಲೆ ಶೇ. 12ರಂತೆ 1,800 ರೂಪಾಯಿ ಪಿ.ಎಫ್.ಗೆ ಹೋಗುತ್ತದೆ. ಇ.ಎಸ್.ಐ.ಗೆ ಶೇ. 0.75, ಅಂದರೆ 150. ರಾಜ್ಯದ ವೃತ್ತಿ ತೆರಿಗೆ ಶುರುವಾಗುವುದು 25,000ದಿಂದ, ಹಾಗಾಗಿ ಇವನಿಗೆ ಆ ಬಾಬ್ತು ಇಲ್ಲ. ಕೈಗೆ ಬರುವುದು 18,050.

ಆದರೆ ಮಾಲೀಕನ ಜೇಬಿನಿಂದ ಹೋಗುವುದು 20,000 ಅಲ್ಲ. ಅವನೂ ಪಿ.ಎಫ್.ಗೆ 1,800 ಹಾಕಬೇಕು. ಅದರಲ್ಲಿ 1,250 ಪಿಂಚಣಿ ಖಾತೆಗೆ, 550 ಮಾತ್ರ ಪಿ.ಎಫ್. ಖಾತೆಗೆ. ಪಾಸ್‌ಬುಕ್ಕಿನಲ್ಲಿ ಮಾಲೀಕನ ಪಾಲು ಕಡಿಮೆ ಕಂಡು ಕಂಪನಿ ಮೋಸ ಮಾಡಿದೆ ಎಂದು ಗುಮಾನಿ ಪಡುವವರು ಬಹಳ, ಕಾರಣ ಇಷ್ಟೇ. ಇದರ ಜೊತೆಗೆ ಪಿ.ಎಫ್.ಗೆ ಜೋಡಿಸಿದ ವಿಮೆಗೆ 75, ಆಡಳಿತ ವೆಚ್ಚಕ್ಕೆ 75, ಇ.ಎಸ್.ಐ.ಗೆ ಶೇ. 3.25ರಂತೆ 650. ಒಟ್ಟು 22,600. ಗ್ರಾಚ್ಯುಟಿಯನ್ನು ಕೆಲಸ ಬಿಡುವಾಗ ಕೊಟ್ಟರೂ ಲೆಕ್ಕ ಬಲ್ಲ ಕಂಪನಿ ತಿಂಗಳು ತಿಂಗಳೂ ಎತ್ತಿಡುತ್ತದೆ: ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26 ದಿನವೆಂದು ಹಿಡಿದರೆ, ಇವನ ಪಾಲಿಗೆ ತಿಂಗಳಿಗೆ ಸುಮಾರು 721 ರೂಪಾಯಿ. ಇದಾದ ಮೇಲೆ ಬೋನಸ್ಸು, ಕನಿಷ್ಠ ಶೇ. 8.33. 20,000 ಕೊಡುತ್ತೇನೆಂದು ಹೊರಟವನಿಗೆ ಬೋನಸ್ಸಿಗೂ ಮುಂಚೆಯೇ 23,300 ದಾಟಿರುತ್ತದೆ. ಯುರೋಪಿನಿಂದ ಬಂದವರಿಗೆ ಇದೇನೂ ಬೆಚ್ಚಿಬೀಳುವ ಮೊತ್ತವಲ್ಲ. ಅಲ್ಲಿ ಸಾಮಾಜಿಕ ಭದ್ರತೆಗೆ ಕೊಡುವ ಪಾಲು ನಮ್ಮದಕ್ಕಿಂತ ಭಾರ.

ಅವರಿಗೆ ಒಗ್ಗದಿರುವುದು ಸಂಬಳವನ್ನು ತುಂಡು ತುಂಡು ಮಾಡುವ ನಮ್ಮ ಪದ್ಧತಿ. ಮನೆ ಬಾಡಿಗೆ ಭತ್ಯೆ, ಸಾರಿಗೆ ಭತ್ಯೆ, ಬಟ್ಟೆ ಒಗೆಯುವ ಭತ್ಯೆ, ಯಾವುದಕ್ಕೂ ಸೇರದ ವಿಶೇಷ ಭತ್ಯೆ. ಮೂಲ ವೇತನ ಕಿರಿದಾದಷ್ಟೂ ಪಿ.ಎಫ್., ಗ್ರಾಚ್ಯುಟಿ ಕಿರಿದಾಗುತ್ತವೆ. ಈ ಜಾಣತನವನ್ನು ನಮ್ಮ ಲೆಕ್ಕಿಗರೇ ಹೊರಗಿನವರಿಗೆ ಹೇಳಿಕೊಟ್ಟದ್ದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಇದಕ್ಕೆ ಕಡಿವಾಣ ಹಾಕಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಹಿಡಿಯಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ ಒಂದೇ ವರ್ಷದ ಸೇವೆಗೆ ಗ್ರಾಚ್ಯುಟಿ ಸಿಗುತ್ತದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈ ಸೇರಬೇಕು.

ಆಸ್ಟ್ರಿಯಾದಲ್ಲಿ ವರ್ಷಕ್ಕೆ 14 ಸಂಬಳ. ಹನ್ನೆರಡು ತಿಂಗಳಿನವು, ಬೇಸಿಗೆಯ ರಜೆಗೆಂದು ಒಂದು, ಕ್ರಿಸ್‌ಮಸ್‌ಗೆಂದು ಇನ್ನೊಂದು. ಈ ಎರಡು ಅಲ್ಲಿನ ಕಾರ್ಮಿಕ ಸಂಘಗಳು ಮಾಲೀಕರೊಂದಿಗೆ ಮಾಡಿಕೊಂಡ ಸಾಮೂಹಿಕ ಒಪ್ಪಂದಗಳಿಂದ ಬಂದವು, ತೆರಿಗೆಯೂ ಹಗುರ. ಅದನ್ನು ಕೇಳಿದವರಿಗೆ ನಮಗೂ ಯಾಕಿಲ್ಲ ಅನ್ನಿಸುವುದು ಸಹಜ. ಆದರೆ ಒಡೆಯ ಆಸ್ಟ್ರಿಯಾದವನೆಂಬ ಕಾರಣಕ್ಕೆ ಅಲ್ಲಿನ ಒಪ್ಪಂದ ಕಪಿಲಾ ನದಿಯ ದಡಕ್ಕೆ ಬರುವುದಿಲ್ಲ. ಇಲ್ಲಿ ಹಬ್ಬದ ಹೊತ್ತಿನ ಬೋನಸ್ಸೇ ಅದರ ಜಾಗದಲ್ಲಿದೆ. ಅತ್ತಲಿಂದಲೂ ಹಾಗೆಯೇ: ನವೆಂಬರ್ 1 ಲಿಯೋಬೆನ್‌ನವರ ಪಂಚಾಂಗದಲ್ಲಿ ಸಂತರೆಲ್ಲರ ಹಬ್ಬವಾದರೆ ನಂಜನಗೂಡಿನ ಕಾರ್ಖಾನೆಗೆ ಅದು ರಾಜ್ಯೋತ್ಸವದ ರಜೆ. ರಾಜ್ಯದ 1963ರ ಹಬ್ಬದ ರಜೆಗಳ ಕಾಯ್ದೆಯಲ್ಲಿ ಗಣರಾಜ್ಯ ದಿನ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಗಳ ಸಾಲಿಗೆ ಅದೂ ಸೇರಿದೆ. ಉಳಿದ ಹಬ್ಬಗಳನ್ನು ಕಾರ್ಮಿಕರೊಂದಿಗೆ ಮಾತಾಡಿ ಗೊತ್ತುಮಾಡಬೇಕು. ದೊಡ್ಡ ಜಾತ್ರೆಯ ದಿನ ರಥ ಬೀದಿಯಲ್ಲಿರುವಾಗ ಪಾಳಿ ನಡೆಸಲು ಹೊರಟ ಮ್ಯಾನೇಜರಿಗೆ ಹಾಜರಿ ಪುಸ್ತಕವೇ ಪಾಠ ಹೇಳುತ್ತದೆ.

ಹೊರದೇಶದವರನ್ನು ಕರೆಸಿ ಸಂಬಳ ಕೊಡುವುದು ಮೈಸೂರು ಸೀಮೆಗೆ ಹೊಸದಲ್ಲ. ತಿ. ನರಸೀಪುರದಲ್ಲಿ ಇಂದೂ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಫಿಲೇಚರ್ ಇದೆ. ಮೈಸೂರು ಸಿಲ್ಕ್ ಸೀರೆಗೆ ಅಲ್ಲಿನ ರೇಷ್ಮೆಯೂ ಹೋಗುತ್ತದೆ. ಈ ರೇಷ್ಮೆ ಕಸುಬನ್ನು ಸುಧಾರಿಸಲು 1910ರ ದಶಕದಲ್ಲಿ ಮೈಸೂರು ಸಂಸ್ಥಾನ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ನೇಮಿಸಿಕೊಂಡಿತ್ತು. ಆಗ ದರ್ಬಾರಿನ ಆದೇಶವೊಂದು ಸಾಕಾಗಿತ್ತು. ಈಗ ಆಸ್ಟ್ರಿಯಾದ ಎಂಜಿನಿಯರು ನಂಜನಗೂಡಿಗೆ ಬಂದು ಕೂತರೆ ಅವನ ಪಿ.ಎಫ್. ಯಾವ ದೇಶಕ್ಕೆ ಎಂಬ ಪ್ರಶ್ನೆ ಏಳುತ್ತದೆ. 2008ರಿಂದ ಹೊರದೇಶದ ನೌಕರರಿಗೂ ಇಲ್ಲಿ ಪಿ.ಎಫ್. ಕಡ್ಡಾಯವಾಯಿತು. ಅದೂ 15,000ದ ಮಿತಿಯಿಲ್ಲದೆ ಪೂರ್ತಿ ವೇತನದ ಮೇಲೆ. ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟು 2024ರಲ್ಲಿ ಆ ನಿಯಮವನ್ನು ರದ್ದುಪಡಿಸಿತು. ಆಸ್ಟ್ರಿಯಾದವರಿಗೆ ಬೇರೊಂದು ದಾರಿ ಮೊದಲೇ ಇತ್ತು: 2015ರ ಜುಲೈಯಿಂದ ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ. ತನ್ನ ದೇಶದಲ್ಲಿ ವಂತಿಗೆ ಕಟ್ಟುತ್ತಿರುವುದಕ್ಕೆ ಪ್ರಮಾಣಪತ್ರ ತಂದವನು ಗೊತ್ತಾದ ಅವಧಿಯವರೆಗೆ ಇಲ್ಲಿ ಕಟ್ಟಬೇಕಿಲ್ಲ. ನಂಜನಗೂಡಿನಿಂದ ಲಿಯೋಬೆನ್‌ಗೆ ಹೋದವನಿಗೂ ಇದೇ ಸವಲತ್ತು. ಅಮೆರಿಕದ ಜೊತೆ ನಮಗೆ ಇಂಥ ಒಪ್ಪಂದವಿಲ್ಲ. ಅಲ್ಲಿ ಹತ್ತು ವರ್ಷ ತುಂಬುವ ಮೊದಲೇ ಊರಿಗೆ ಮರಳಿದ ಎಷ್ಟೋ ಕನ್ನಡದ ಟೆಕ್ಕಿಗಳು ಕಟ್ಟಿದ ಹಣ ಅಲ್ಲೇ ಉಳಿದಿದೆ.

ಇಷ್ಟೂ ಪರ್ಮನೆಂಟ್ ನೌಕರರ ಮಾತಾಯಿತು. ಅದೇ ಗೇಟು ದಾಟುವ ಇನ್ನೊಂದು ಸಾಲಿದೆ: ಕಂಟ್ರಾಕ್ಟ್ ಮೇಲೆ ಬಂದವರದು. ಒಳಗೆ ಅದೇ ಯಂತ್ರ, ಅದೇ ಸೂಪರ್‌ವೈಸರು. ಸಂಬಳದ ಚೀಟಿ ಮಾತ್ರ ಗುತ್ತಿಗೆದಾರನದು. ಕಲ್ಲಿಕೋಟೆಯ ಒಂದು ಹಗ್ಗದ ಕಾರ್ಖಾನೆಯ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ, ಕಾಗದದ ಪರದೆ ಸರಿಸಿ ನೋಡಿ ನಿಜವಾದ ಯಜಮಾನ ಕಾರ್ಖಾನೆಯವನೇ ಎಂದಿತು. ಆಮೇಲಿನ ತೀರ್ಪುಗಳು ಅಷ್ಟು ಉದಾರವಾಗಿಲ್ಲ. ಆದರೂ ಒಂದು ಆಸರೆ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದ ಹೊಸ ಸಂಹಿತೆಯವರೆಗೂ ಉಳಿದು ಬಂದಿದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು.

ಈಗ ಜಗತ್ತಿನ ಪೇಟೆಯಲ್ಲಿ ಎಂಪ್ಲಾಯರ್ ಆಫ್ ರೆಕಾರ್ಡ್ ಎಂಬ ಸೇವೆಯನ್ನು ಹೊಸ ಆವಿಷ್ಕಾರವೆಂಬಂತೆ ಮಾರುತ್ತಾರೆ. ಬರ್ಲಿನ್‌ನ ಸಣ್ಣ ಕಂಪನಿಗೆ ತಿ. ನರಸೀಪುರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಹುಡುಗಿ ಬೇಕು ಎಂದಿಟ್ಟುಕೊಳ್ಳಿ. ಅವಳೊಬ್ಬಳಿಗಾಗಿ ಭಾರತದಲ್ಲಿ ಕಂಪನಿ ಕಟ್ಟುವುದು ದುಬಾರಿ. ಹಾಗಾಗಿ ಬೆಂಗಳೂರಿನದೊಂದು ಕಂಪನಿ ಅವಳನ್ನು ತನ್ನ ಹೆಸರಿನಲ್ಲಿ ನೇಮಿಸಿಕೊಂಡು ಪಿ.ಎಫ್., ತೆರಿಗೆ ಕಡಿತ ಎಲ್ಲ ನೋಡಿಕೊಳ್ಳುತ್ತದೆ; ಕೆಲಸ ಹೇಳುವವರು ಬರ್ಲಿನ್‌ನವರು. ನಂಜನಗೂಡಿನ ಗೇಟಿನಲ್ಲಿ ದಶಕಗಳಿಂದ ಕಾಣುತ್ತಿರುವ ಏರ್ಪಾಡೇ ಇದು. ಇಂಗ್ಲಿಷ್ ಹೆಸರು, ಒಳ್ಳೆಯ ಸಂಬಳ ಸೇರಿಕೊಂಡಿವೆ ಅಷ್ಟೇ. ನಡುವಿನ ಕಂಪನಿ ಬದಲಾದಾಗ ಸೇವೆಯ ವರ್ಷಗಳು ಮುಂದುವರಿಯುತ್ತವೋ ಹೊಸದಾಗಿ ಶುರುವಾಗುತ್ತವೋ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಗ್ರಾಚ್ಯುಟಿ ನಿಂತಿರುವುದು ಅದರ ಮೇಲೆ.

ಇದಕ್ಕಿಂತ ಅಗ್ಗದ ದಾರಿಯೂ ಇದೆ, ಹೆಚ್ಚು ಜನ ಹಿಡಿಯುವುದೂ ಅದನ್ನೇ. ಅವಳನ್ನು ನೌಕರಳೆನ್ನದೆ ಸ್ವತಂತ್ರ ಸಲಹೆಗಾರ್ತಿ ಎಂದು ಕರೆದು ತಿಂಗಳಿಗೊಮ್ಮೆ ಬಿಲ್ಲು ತರಿಸಿಕೊಂಡು ಯೂರೋ ಕಳಿಸುವುದು. ಕೈಗೆ ಬರುವ ಮೊತ್ತ ದೊಡ್ಡದು, ಏಕೆಂದರೆ ಯಾವ ಕಡಿತವೂ ಇಲ್ಲ. ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ, 26 ವಾರಗಳ ಹೆರಿಗೆ ರಜೆಯೂ ಇಲ್ಲ. ಮುಂಗಡ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ತಾನೇ ಕಟ್ಟಬೇಕು. ವರ್ಷದ ವರಮಾನ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು, ಹೊರದೇಶಕ್ಕೆ ಕೊಟ್ಟ ಸೇವೆಗೆ ತೆರಿಗೆ ಬೀಳದಂತೆ ವರ್ಷವರ್ಷವೂ ಮುಚ್ಚಳಿಕೆ ಸಲ್ಲಿಸಬೇಕು. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಮೊದಲು ಕೇಳುವುದು ಮೂರು ತಿಂಗಳ ಸಂಬಳದ ಚೀಟಿ, ಅದು ಅವಳಲ್ಲಿಲ್ಲ. ಗುತ್ತಿಗೆದಾರ ಕೈ ಎತ್ತಿದರೆ ಕಾರ್ಖಾನೆಯ ಕಾರ್ಮಿಕ ಹೋಗಿ ನಿಲ್ಲಲು ನಂಜನಗೂಡಿನಲ್ಲೊಂದು ಗೇಟಿದೆ, ದೂರು ಕೊಡಲು ಮೈಸೂರಿನಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಿದೆ. ಇವಳ ಒಪ್ಪಂದದ ಕೊನೆಯ ಪುಟದಲ್ಲಿ, ವ್ಯಾಜ್ಯವೇನಿದ್ದರೂ ಬರ್ಲಿನ್‌ನ ನ್ಯಾಯಾಲಯದಲ್ಲೇ ತೀರ್ಮಾನವಾಗಬೇಕು ಎಂದು ಸಣ್ಣ ಅಕ್ಷರದಲ್ಲಿ ಬರೆದಿರಬಹುದು.