ಸಣ್ಣ ನಕ್ಷತ್ರ, ಭಾರಿ ಕಾಂತ

ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನಕಾಯಿ ಬಲಿಯುವ ಏಪ್ರಿಲ್‌ನಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ ರಾಯಲ್ಪಾಡಿನಲ್ಲಿ ನಿಂತು ತಲೆಯೆತ್ತಿದರೆ ಸಿಂಹ ರಾಶಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಮಘಾ ನಕ್ಷತ್ರದ ಉತ್ತರಕ್ಕೆ ಹೊಂಬಣ್ಣದ ಅಲ್ಜೀಬಾ ಕಾಣುತ್ತದೆ. ಅದರ ಪಕ್ಕದಲ್ಲೇ, ಚಂದ್ರನ ಅಗಲದ ಆರನೇ ಒಂದು ಪಾಲಿನಷ್ಟು ಆಚೆಗೆ, ಬರಿಗಣ್ಣಿಗೆ ಸಿಗದ ಇನ್ನೊಂದು ನಕ್ಷತ್ರವಿದೆ. ಹೆಸರು ಎಡಿ ಲಿಯೊನಿಸ್. ದೂರ 16 ಜ್ಯೋತಿರ್ವರ್ಷ, ದ್ರವ್ಯರಾಶಿ ಸೂರ್ಯನ ಅರ್ಧಕ್ಕಿಂತ ಕಡಿಮೆ. ಮೈಮೇಲಿನ ಬಿಸಿ ಸೂರ್ಯನಲ್ಲಿ 5,500 ಡಿಗ್ರಿಯಾದರೆ ಇಲ್ಲಿ 3,100ರ ಆಸುಪಾಸು. ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥ ಕೆಂಪು ಕುಬ್ಜಗಳೇ.

ಕುಬ್ಜವೆಂದು ಕಡೆಗಣಿಸುವಂತಿಲ್ಲ. ಬಲವಾದ ಕಾಂತಕ್ಷೇತ್ರದೊಳಗಿನ ಪರಮಾಣು ಬೆಳಕು ಸೂಸಿದಾಗ ರೋಹಿತದ ಒಂದು ಗೆರೆ ಹಲವಾಗಿ ಸೀಳುತ್ತದೆ. 1896ರಲ್ಲಿ ಪೀಟರ್ ಜೀಮನ್ ಕಂಡುಕೊಂಡ ಸಂಗತಿಯಿದು. ಇದನ್ನೇ ಹಿಡಿದು 1908ರಲ್ಲಿ ಜಾರ್ಜ್ ಹೇಲ್ ಸೂರ್ಯನ ಕಲೆಗಳಲ್ಲಿ ಕಾಂತವಿದೆಯೆಂದು ತೋರಿಸಿದರು. 1985ರಲ್ಲಿ ಸ್ಟೀವನ್ ಸಾರ್ ಮತ್ತು ಜೆಫ್ರಿ ಲಿನ್ಸ್ಕಿ ಎಡಿ ಲಿಯೊನಿಸ್‌ನ ಗೆರೆಗಳನ್ನು ಅಳೆದು, ಅದರ ಮೈಯ ಮುಕ್ಕಾಲು ಭಾಗವನ್ನು 3,800 ಗಾಸ್‌ನ ಕ್ಷೇತ್ರ ಆವರಿಸಿದೆ ಎಂದರು. ರಾಯಲ್ಪಾಡಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತ ಬರೀ 0.4 ಗಾಸ್. ಸೂರ್ಯನಲ್ಲಿ ಅಲ್ಲೊಂದು ಇಲ್ಲೊಂದು ಕಲೆಗೆ ಸೀಮಿತವಾದ ಬಲ ಇಲ್ಲಿ ಮೈತುಂಬ ಹರಡಿದೆ.

ಕಾರಣ ಎರಡು. ಸೂರ್ಯನ ಹೊರಗಿನ ಮೂರನೇ ಒಂದರಷ್ಟು ಆಳ ಮಾತ್ರ ಕುದಿಯುತ್ತದೆ. ಸಣ್ಣ ನಕ್ಷತ್ರದಲ್ಲಿ ಕುದಿತ ಇನ್ನೂ ಆಳಕ್ಕಿಳಿಯುತ್ತದೆ, ಸೂರ್ಯನ ಮೂರನೇ ಒಂದು ಪಾಲಿಗಿಂತ ಹಗುರಾದವಂತೂ ನಡುವಿನ ತನಕ ಕುದಿಯುತ್ತವೆ. ಜತೆಗೆ ತಿರುಗಾಟ. ಸೂರ್ಯನ ನಡುಪಟ್ಟಿಗೆ ಒಂದು ಸುತ್ತಿಗೆ 25 ದಿನ ಬೇಕು, ಎಡಿ ಲಿಯೊನಿಸ್‌ಗೆ 2.24 ದಿನ ಸಾಕು. ಕುದಿಯುವ ವಿದ್ಯುತ್ವಾಹಕ ಅನಿಲವನ್ನು ಈ ಸುತ್ತು ತಿರುಚಿ ಕಾಂತವನ್ನು ಹುಟ್ಟಿಸುತ್ತದೆ. ಹುಟ್ಟಿದ ಕಾಂತವೇ ಮುಂದೆ ಸುತ್ತಿಗೆ ಅಡ್ಡಗಾಲಾಗುತ್ತದೆ: ನಕ್ಷತ್ರದಿಂದ ಬೀಸುವ ಕಣಗಳ ಗಾಳಿ ಕಾಂತರೇಖೆಗಳಿಗೆ ಸಿಕ್ಕಿ ದೂರದವರೆಗೂ ಅದರೊಡನೆ ತಿರುಗಿ, ತಿರುಗುಬಲವನ್ನು ಹೊತ್ತೊಯ್ಯುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ ಕೊಡುಕೊಳ್ಳುವಿಕೆ. ವಯಸ್ಸಾದಂತೆ ಸೂರ್ಯನಂಥವು ನಿಧಾನವಾಗುತ್ತವೆಂದು 1972ರಲ್ಲಿ ಆಂಡ್ರ್ಯೂ ಸ್ಕುಮನಿಚ್ ಲೆಕ್ಕ ಕೊಟ್ಟರು. ಕೆಂಪು ಕುಬ್ಜಗಳು ಅಷ್ಟು ಬೇಗ ಬಗ್ಗುವುದಿಲ್ಲ.

ಚುಕ್ಕೆಯಾಗಿ ಕಾಣುವ ನಕ್ಷತ್ರದ ಸುತ್ತನ್ನು ಅಳೆಯುವುದು ಹೇಗೆ? ರಾಗಿ ಬೀಸುವ ಕಲ್ಲಿಗೆ ಸುಣ್ಣದ ಬೊಟ್ಟಿಟ್ಟರೆ, ಅದು ಎದುರಿಗೆ ಬಂದಾಗಲೆಲ್ಲ ಒಂದು ಸುತ್ತು ಮುಗಿದಂತೆ. ನಕ್ಷತ್ರದ ಬೊಟ್ಟು ಕಾಂತದಿಂದಾದ ಕಪ್ಪು ಕಲೆ. ಅದು ನಮ್ಮ ಕಡೆ ತಿರುಗಿದಾಗ ಬೆಳಕು ಚೂರು ಕುಂದುತ್ತದೆ.

ಈ ಕೆಲಸ ನಮ್ಮ ದಾರಿಯ ಮಗ್ಗುಲಲ್ಲೇ ನಡೆಯುತ್ತದೆ. ರಾಯಲ್ಪಾಡಿನಿಂದ ಬೆಂಗಳೂರಿಗೆ ಚಿಂತಾಮಣಿ ಮೇಲೆ ಹೋದರೂ ಕೋಲಾರದ ಮೇಲೆ ಹೋದರೂ ಹೊಸಕೋಟೆ ಸಿಗುತ್ತದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಅಲ್ಲಿನ ಕೇಂದ್ರದಲ್ಲಿ ಕೂತು, ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಅದೇ ಸಂಸ್ಥೆಯ ಪದ್ಮಾಕರ್ ಪರಿಹಾರ್ ಮತ್ತು ಸಂಗಡಿಗರು ಮಹಾವ್ಯಾಧದ ನೀಹಾರಿಕೆಯಲ್ಲಿ ಈಚೆಗೆ ಹುಟ್ಟಿದ ನೂರಾರು ಹಗುರ ನಕ್ಷತ್ರಗಳ ಬೆಳಕಿನ ಏರಿಳಿತವನ್ನು 2004ರಿಂದ 2008ರವರೆಗೆ ವರ್ಷವರ್ಷವೂ ಅಳೆದು, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುತ್ತ ಧೂಳಿನ ತಟ್ಟೆ ಉಳಿಸಿಕೊಂಡವು ನಿಧಾನ ತಿರುಗುವ ಪ್ರವೃತ್ತಿಯವು ಎಂಬುದು ಅದರಲ್ಲಿ ಕಂಡಿತು. ಕಾಂತವೇ ಆ ತಟ್ಟೆಯನ್ನೂ ನಕ್ಷತ್ರವನ್ನೂ ಬೆಸೆದು ವೇಗಕ್ಕೆ ಕಡಿವಾಣ ಹಾಕುತ್ತದೆಂದು ಖಗೋಳಜ್ಞರು ವಿವರಿಸುತ್ತಾರೆ.

ಸುತ್ತು ನಿಧಾನವಾದ ಮಾತ್ರಕ್ಕೆ ಆರ್ಭಟ ಅಡಗುವುದಿಲ್ಲ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಒಂದು ಸುತ್ತಿಗೆ ಸುಮಾರು ಮೂರು ತಿಂಗಳು ತೆಗೆದುಕೊಳ್ಳುವ ಕೆಂಪು ಕುಬ್ಜ. 2019ರ ಮೇ 1ರಂದು ಅದರ ಕಾಂತರೇಖೆಗಳು ಸಿಡಿದು, ಅತಿನೇರಳೆ ಬೆಳಕು ಕೆಲವೇ ಸೆಕೆಂಡುಗಳಲ್ಲಿ 14,000 ಪಟ್ಟು ಏರಿತು. 2016ರಲ್ಲಿ ಪತ್ತೆಯಾದ ಅದರ ಗ್ರಹ 11 ದಿನಕ್ಕೊಮ್ಮೆ, ಅಷ್ಟು ಹತ್ತಿರದಲ್ಲಿ, ಅದನ್ನು ಸುತ್ತುತ್ತದೆ. ಅಲ್ಲಿ ವಾಯುಮಂಡಲ ಉಳಿದಿದೆಯೇ ಎಂದು ಕೇಳುವವರು ಮೊದಲು ಆ ನಕ್ಷತ್ರದ ಕಾಂತದ ಲೆಕ್ಕವನ್ನೇ ತೆಗೆಯಬೇಕಾಗುತ್ತದೆ.