ರೊಟ್ಟಿಯ ಮಗ್ಗುಲಿಗೆ ಏನಿತ್ತು?

ಕೂನೂರಿನ ಗುಡ್ಡದ ಮೇಲಿದ್ದ ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್ 1950ರ ದಶಕದ ಕೊನೆಗೆ ಹೈದರಾಬಾದಿಗೆ ಬಂತು. ಅಕ್ಕಿ ಉಣ್ಣುವ ಸೀಮೆಯ ರೋಗಗಳನ್ನು ನೋಡಿ ಪಳಗಿದ್ದ ಅಲ್ಲಿನ ವೈದ್ಯರಿಗೆ ದಖ್ಖನ್ನಿನ ಆಸ್ಪತ್ರೆಗಳಲ್ಲಿ ಬೇರೆಯೇ ತರಹದ ರೋಗಿಗಳು ಎದುರಾದರು. ಬಿಸಿಲು ಬೀಳುವ ಕಡೆಯಷ್ಟೇ ಚರ್ಮ ಕಪ್ಪಗಾಗಿ ಸುಲಿದಿರುತ್ತಿತ್ತು: ಮುಂಗೈ, ಪಾದ, ಕೊರಳ ಸುತ್ತ ಒಂದು ಪಟ್ಟಿ. ಅಂಗಿಯ ಒಳಗಿನ ಮೈಗೆ ಏನೂ ಇಲ್ಲ. ಜೊತೆಗೆ ಭೇದಿ, ಉರಿಯುವ ನಾಲಗೆ. ಕೆಲವರಿಗೆ ಮಂಕು, ಕೆಲವರಿಗೆ ಬುದ್ಧಿಭ್ರಮೆ. ಇದು ಪೆಲಾಗ್ರ ಎಂದು ಗುರುತಿಸಲು ಕಷ್ಟವಾಗಲಿಲ್ಲ. ಆದರೆ ಪಠ್ಯಪುಸ್ತಕಗಳ ಪ್ರಕಾರ ಪೆಲಾಗ್ರ ಮೆಕ್ಕೆಜೋಳ ತಿನ್ನುವವರ ರೋಗ. ಕೂಲಿಕಾರರಾದ ಈ ರೋಗಿಗಳು ಮೆಕ್ಕೆಜೋಳದವರಲ್ಲ, ಜೋಳದ ರೊಟ್ಟಿ ಉಂಡು ಬೆಳೆದವರು.

ವಿಜಯಪುರದವರ ಎದುರು ಈ ಮಾತು ಎತ್ತಿದರೆ ಮುಖ ಸಿಂಡರಿಸುತ್ತಾರೆ. ಜೋಳದಿಂದ ರೋಗವೇ? ಜೋಳ ಉಂಡವ ತೋಳದಂತೆ ಗಟ್ಟಿ ಎಂದು ನಂಬಿದ ನಾಡು ಇದು. ಸಿಟ್ಟು ಬರುವುದು ಸಹಜ. ಆದರೆ ಹೈದರಾಬಾದಿನ ವೈದ್ಯರು ಈ ಗಂಟು ಬಿಚ್ಚಲು ಹೋದ ದಾರಿಯನ್ನು ಪೂರ್ತಿ ನೋಡಿದರೆ ಜೋಳದ ಮರ್ಯಾದೆಗೆ ಏನೂ ಕುಂದಿಲ್ಲ.

ಹಿಂದಿನ ಕತೆ ಸ್ವಲ್ಪ ಬೇಕು. 1735ರಲ್ಲಿ ಸ್ಪೇನಿನ ಗಾಸ್ಪರ್ ಕಾಸಲ್ ಎಂಬ ವೈದ್ಯ ಬಡ ರೈತರಲ್ಲಿ ಈ ರೋಗವನ್ನು ಮೊದಲು ಬರೆದಿಟ್ಟ. ಕೊರಳ ಸುತ್ತಲಿನ ಕಪ್ಪು ಪಟ್ಟಿಗೆ ಇವತ್ತಿಗೂ ಅವನದೇ ಹೆಸರು. ಅನಂತರ ಸುಮಾರು ಇನ್ನೂರು ವರ್ಷ ಇದನ್ನು ಅಂಟುರೋಗ ಎಂದೋ, ಕೆಟ್ಟ ಕಾಳಿನ ವಿಷ ಎಂದೋ ವೈದ್ಯಲೋಕ ವಾದಿಸುತ್ತಲೇ ಇತ್ತು. 1914ರಲ್ಲಿ ಅಮೆರಿಕದ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್‌ನನ್ನು ದಕ್ಷಿಣದ ರಾಜ್ಯಗಳಿಗೆ ಕಳಿಸಿತು. ಹುಚ್ಚಾಸ್ಪತ್ರೆ, ಅನಾಥಾಲಯಗಳನ್ನು ಸುತ್ತಿದ ಆತನ ಕಣ್ಣಿಗೆ ಬಿದ್ದದ್ದು ಬಹಳ ಸಾದಾ ಸಂಗತಿ. ಒಳಗಿದ್ದವರಿಗೆ ರೋಗ ಬರುತ್ತಿತ್ತು. ಅವರ ಜೊತೆಗೇ ಹಗಲಿರುಳು ಇರುತ್ತಿದ್ದ ಕೆಲಸಗಾರರಿಗೆ ಬರುತ್ತಿರಲಿಲ್ಲ. ಅಂಟುರೋಗಕ್ಕೆ ಇಂಥ ಮರ್ಜಿ ಇರುವುದಿಲ್ಲ. ವ್ಯತ್ಯಾಸ ಇದ್ದದ್ದು ತಾಟಿನಲ್ಲಿ. ಕೆಲಸಗಾರರ ಊಟಕ್ಕೆ ಹಾಲು, ಮಾಂಸ ಇದ್ದವು. ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು ಕೊಡಿಸಿದ ಮೇಲೆ ರೋಗ ಹೆಚ್ಚುಕಡಿಮೆ ಮಾಯವಾಯಿತು. 1915ರಲ್ಲಿ ಮಿಸಿಸಿಪಿಯ ಸೆರೆಮನೆಯ ತೋಟದಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಮುಂದೆ ಬಂದ 11 ಕೈದಿಗಳಿಗೆ ಮೆಕ್ಕೆಜೋಳವೇ ಮುಖ್ಯವಾದ ಬಡ ಊಟ ಉಣ್ಣಿಸಿದಾಗ ಆರು ಮಂದಿಗೆ ಪೆಲಾಗ್ರ ಕಾಣಿಸಿತು. ಇವತ್ತಿನ ಯಾವ ನೀತಿ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪಲಾರದು.

ಕೊರತೆ ಯಾವುದರದು ಎಂಬುದು ತಿಳಿದದ್ದು 1937ರಲ್ಲಿ, ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹೆಮ್ ನಾಯಿಗಳಿಗೆ ಬರುವ, ಪೆಲಾಗ್ರದಂಥದೇ ಆದ 'ಕಪ್ಪು ನಾಲಗೆ' ರೋಗವನ್ನು ನಿಕೋಟಿನಿಕ್ ಆಮ್ಲದಿಂದ ವಾಸಿಮಾಡಿದಾಗ. ಇದನ್ನೇ ನಾವು ನಿಯಾಸಿನ್ ಅನ್ನುವುದು. ಪ್ರೋಟೀನಿನಲ್ಲಿರುವ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದಿಂದಲೂ ದೇಹ ನಿಯಾಸಿನ್ ಮಾಡಿಕೊಳ್ಳುತ್ತದೆ ಎಂಬುದು 1940ರ ದಶಕದಲ್ಲಿ ಗೊತ್ತಾಯಿತು. ಮೆಕ್ಕೆಜೋಳದಲ್ಲಿ ಟ್ರಿಪ್ಟೋಫಾನ್ ಕಡಿಮೆ. ಇರುವ ನಿಯಾಸಿನ್ ಕೂಡ ದೇಹಕ್ಕೆ ಸಿಗದ ಹಾಗೆ ಬಿಗಿದುಕೊಂಡಿರುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ.

ಜೋಳದ ಲೆಕ್ಕ ಮಾತ್ರ ಹೊಂದಲಿಲ್ಲ. ಹೈದರಾಬಾದಿನ ಪ್ರಯೋಗಾಲಯದಲ್ಲಿ ನೋಡಿದರೆ ಜೋಳದ ಟ್ರಿಪ್ಟೋಫಾನ್ ಮೆಕ್ಕೆಜೋಳದಷ್ಟು ಕಡಿಮೆಯೇನಿರಲಿಲ್ಲ, ನಿಯಾಸಿನ್ನೂ ಅಷ್ಟಾಗಿ ಬಿಗಿದುಕೊಂಡಿರಲಿಲ್ಲ. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಆಗ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಎರಡೂ ಕಾಳುಗಳಲ್ಲಿ ಕಡಿಮೆ ಇರುವುದನ್ನು ಹುಡುಕುವ ಬದಲು ಎರಡರಲ್ಲೂ ಹೆಚ್ಚಿಗೆ ಇರುವುದೇನು ಎಂದು ಹುಡುಕಿದರು. ಸಿಕ್ಕಿದ್ದು ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಲ್ಯೂಸಿನ್ ಅತಿಯಾದಾಗ ದೇಹ ನಿಯಾಸಿನ್ ಬಳಸುವ ದಾರಿಗೆ ಅಡ್ಡಬರುತ್ತದೆ ಎಂಬುದು ಅವರ ಊಹೆ. 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಪ್ರಕಟಿಸಿತು. ಮುಂದೆ ಭವಾನಿ ಬೆಳವಾಡಿಯವರೂ ಸೇರಿದ ತಂಡ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಬಲ ಕೊಟ್ಟವು. ಆ ವರದಿ ಬಂದದ್ದು 1969ರಲ್ಲಿ. ಲ್ಯೂಸಿನ್ ಕಡಿಮೆ ಇರುವ ಜೋಳದ ತಳಿಗಳನ್ನು ಹುಡುಕಬೇಕೆಂಬ ಮಾತೂ ಎದ್ದಿತು.

ಎಲ್ಲರೂ ಒಪ್ಪಲಿಲ್ಲ. ಬರ್ಕ್ಲಿಯಲ್ಲಿದ್ದ ಕೆನೆತ್ ಕಾರ್ಪೆಂಟರ್ ಮುಂತಾದವರು ತಮ್ಮ ಪ್ರಯೋಗಗಳಲ್ಲಿ ಲ್ಯೂಸಿನ್‌ಗೆ ಅಂಥ ಪರಿಣಾಮ ಕಾಣುತ್ತಿಲ್ಲ ಎಂದರು. ಆ ವಾದ ಪೂರ್ತಿ ಬಗೆಹರಿಯದೆ ಉಳಿಯಿತು. ನನಗೆ ಮುಖ್ಯವಾಗಿ ಕಾಣುವುದು ವಾದದ ಎರಡೂ ಕಡೆಯವರು ಒಪ್ಪಿದ್ದ ಸಂಗತಿ. ಜೋಳ ತಿನ್ನುವವರಿಗೆಲ್ಲ ಪೆಲಾಗ್ರ ಬರಲಿಲ್ಲ. ಬಂದದ್ದು ಮೂರು ಹೊತ್ತೂ ಜೋಳವೇ, ಅದರ ಸಂಗಡ ಹೆಚ್ಚೆಂದರೆ ಉಪ್ಪು ಖಾರ ಎಂಬಂಥ ಬಡವರಿಗೆ. ಗೋಲ್ಡ್‌ಬರ್ಗರ್ ಹುಚ್ಚಾಸ್ಪತ್ರೆಯಲ್ಲಿ ಕಂಡದ್ದೂ ಇದನ್ನೇ.

ಇನ್ನು ನಮ್ಮ ಕಡೆಯ ತಾಟು ನೋಡಿ. ರೊಟ್ಟಿ ಮಧ್ಯದಲ್ಲಿ. ಮಗ್ಗುಲಿಗೆ ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ, ಝುಣಕವೋ ಮಡಿಕಿ ಕಾಳಿನ ಪಲ್ಯವೋ, ಹಸಿ ಉಳ್ಳಾಗಡ್ಡಿ, ಮೆಂತೆ ತಪ್ಪಲ, ಗಡಿಗಿ ಮೊಸರು. ನೂರು ಗ್ರಾಂ ಜೋಳದಲ್ಲಿ ನಿಯಾಸಿನ್ ಎರಡು-ಮೂರು ಮಿಲಿಗ್ರಾಂ. ಅಷ್ಟೇ ಶೇಂಗಾದಲ್ಲಿ ಸುಮಾರು 12. ಈ ಜೀವಸತ್ವ ಬಿಸಿಗೆ ಸುಲಭವಾಗಿ ಕೆಡುವುದಿಲ್ಲ, ಹಾಗಾಗಿ ಹುರಿದು ಕುಟ್ಟಿದ ಹಿಂಡಿಯಲ್ಲೂ ಬಹುಪಾಲು ಉಳಿಯುತ್ತದೆ. ಬೇಳೆ ಮತ್ತು ಮೊಸರು ಟ್ರಿಪ್ಟೋಫಾನ್ ಒದಗಿಸುತ್ತವೆ. ಅರವತ್ತು ಮಿಲಿಗ್ರಾಂ ಟ್ರಿಪ್ಟೋಫಾನ್ ಸೇರಿದರೆ ಒಂದು ಮಿಲಿಗ್ರಾಂ ನಿಯಾಸಿನ್ ಎಂದು ಲೆಕ್ಕ. ಬಾಯಿರುಚಿಗೆಂದು ಹಚ್ಚಿಕೊಳ್ಳುವ ಹಿಂಡಿ ಸುಮ್ಮನೆ ರುಚಿಯದಲ್ಲ ಎಂಬುದು ಈ ಅಂಕಿಗಳನ್ನು ಕೂಡಿಸಿದಾಗ ತಿಳಿಯುತ್ತದೆ.

ಈ ತಾಟು ಮೊದಲು ಹೊಲದಿಂದಲೇ ಬರುತ್ತಿತ್ತು. ಡೋಣಿ ನದಿ ಸಾಲಿನ ಎರಿಭೂಮಿಯಲ್ಲಿ ಹಿಂಗಾರಿ ಜೋಳದ ನಡುವೆ ಅಕ್ಕಡಿ ಸಾಲಾಗಿ ಕಡಲಿ, ಕುಸುಬಿ, ಅಗಸಿ ಇರುತ್ತಿದ್ದವು. ಹೊಲ ಹೇಗೋ ಊಟವೂ ಹಾಗೆ. 2018ರಲ್ಲಿ ತಾಲೂಕುಗಳಾದ ತಿಕೋಟಾ, ಬಬಲೇಶ್ವರಗಳ ಕಡೆ ಏತ ನೀರಾವರಿ ಬಂದ ಮೇಲೆ ಆ ಚಿತ್ರ ಬದಲಾಗಿದೆ. ತಿಕೋಟಾ ಕಡೆ ದ್ರಾಕ್ಷಿ ಪಡಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಬಬಲೇಶ್ವರ ಕಡೆ ಕಬ್ಬು. ರೈತನ ಕೈಗೆ ರೊಕ್ಕ ಬಂತು, ಒಳ್ಳೆಯದೇ. ಆದರೆ ಜೋಳ, ಬೇಳೆ, ಶೇಂಗಾ ಎಲ್ಲಕ್ಕೂ ಅವನೂ ಈಗ ಚೀಲ ಹಿಡಿದು ಸಂತೆಗೆ ಬರಬೇಕು. ಹೊಲ ತಾನಾಗಿ ಜೋಡಿಸುತ್ತಿದ್ದುದನ್ನು ಕೊಳ್ಳುವವರೇ ಜೋಡಿಸಿಕೊಳ್ಳಬೇಕು. ಪೋಷಣೆಯ ತಿಳಿವಳಿಕೆಗೆ ಸಂತೆಗಿಂತ ಸರಿಯಾದ ಜಾಗ ಇಲ್ಲ ಅನ್ನುವುದು ಈ ಕಾರಣಕ್ಕೆ.

ಸಂತೆಯಲ್ಲಿ ಈಗ ನಡೆಯುವ ಮಾತು ಹೀಗಿರುತ್ತದೆ:

"ಯಕ್ಕಾ, ಜ್ವಾಳ ಹ್ಯಾಂಗ?"

"ಮಾಲದಂಡಿ ಐತ್ರಿ, ಬಾಯಾಗ ಹಾಕ್ಕೊಂಡ ನೋಡ್ರಿ. ಹಿಟ್ಟಿಗೆ ಜಿಗಿ ಛಲೋ ಬರತೈತಿ."

"ಸಕ್ಕರಿ ಬ್ಯಾನಿಗೆ ಛಲೋ ಅಂತಾರಲ್ಲ?"

"ಛಲೋರಿ ಮತ್ತ!"

ಅಲ್ಲಿಗೆ ವ್ಯಾಪಾರ ಮುಗಿಯಿತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗಿನಿಂದ ಇಂಥ ಹೊಗಳಿಕೆ ಇನ್ನಷ್ಟು ಜೋರಾಗಿದೆ. ಒಂದೊಂದೇ ಕಾಳನ್ನು ಎತ್ತಿ ಆಡಿಸುವ ಈ ಮಾತುಗಳು ನನಗೆ ಹಿಡಿಸುವುದಿಲ್ಲ. ಪೆಲಾಗ್ರ ಬಂದು ದಖ್ಖನ್ನಿನ ಆಸ್ಪತ್ರೆಗಳ ವಾರ್ಡುಗಳಲ್ಲಿ ಮಲಗಿದ್ದವರೂ ಈ ಕಾಳನ್ನೇ ಉಂಡವರು.

ತಿಕೋಟಾ ದಾರಿಯಲ್ಲಿ, ತೊರವಿಯ ಹತ್ತಿರ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಆಹಾರ ಸಂಸ್ಕರಣೆ ಮತ್ತು ಪೋಷಣೆಯ ವಿಭಾಗವೂ ಅಲ್ಲುಂಟು. ಅಲ್ಲಿನ ಹುಡುಗಿಯರು ಸಂತೆಯಲ್ಲಿ ಒಂದು ಮೇಜು ಹಾಕಿದರೆ ಕೊಳ್ಳುವವರಿಗಿಂತ ಮೊದಲು ಮಾರುವ ಅಕ್ಕಂದಿರ ಜೊತೆ ಮಾತಾಡಬೇಕು. ಗಿರಾಕಿ ನಂಬುವುದು ಅವರನ್ನು. ಜೋಳ ಅಳೆದುಕೊಟ್ಟಾಕೆ "ಶೇಂಗಾ ಒಯ್ದಿರೇನು?" ಎಂದು ಕೇಳಿದರೆ ಅದು ಕರಪತ್ರಕ್ಕಿಂತ ಚೆನ್ನಾಗಿ ತಲುಪುತ್ತದೆ. ಎರಡನೆಯ ಮಾತು ಲಿಂಬಿಯದು. ಇಂಡಿ ಕಡೆಯ ಲಿಂಬಿ ನಮ್ಮಲ್ಲಿ ಬೇಕಾದಷ್ಟು. ಜೋಳದ ಮತ್ತು ತಪ್ಪಲದ ಕಬ್ಬಿಣಾಂಶ ಮೈಗೆ ಹತ್ತಲು ಅದರ ವಿಟಮಿನ್ ಸಿ ನೆರವಾಗುತ್ತದೆ. ಆದರೆ ಈ ಜೀವಸತ್ವ ನಿಯಾಸಿನ್‌ನಂತಲ್ಲ, ಬಿಸಿಗೆ ಕೆಡುತ್ತದೆ. ಅದಕ್ಕೆ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಊಟ ಮುಗಿದ ಕೂಡಲೇ ಕುಡಿಯುವ ಚಹಾ ಇದಕ್ಕೆ ತದ್ವಿರುದ್ಧ; ಅದರ ಒಗರು ಕಬ್ಬಿಣವನ್ನು ಹಿಡಿದಿಡುತ್ತದೆ. ಚಹಾ ಬಿಡಿ ಎಂದರೆ ವಿಜಯಪುರದಲ್ಲಿ ಯಾರೂ ಕೇಳುವುದಿಲ್ಲ, ಒಂದು ತಾಸು ತಡೆದು ಕುಡಿಯಿರಿ ಎಂದರೆ ಕೆಲವರಾದರೂ ಕೇಳಿಯಾರು.