ಬೆತ್ತದ ನೇಯ್ಗೆ

ಧಾರವಾಡದಿಂದ ಬೆಳಗಾವಿಯ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬೇಲೂರು ಕೈಗಾರಿಕಾ ಪ್ರದೇಶವು (ಹೊಯ್ಸಳರ ಬೇಲೂರಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ) ವಾರವೆಲ್ಲ ಯಂತ್ರಘೋಷದಿಂದ ತುಂಬಿರುವಂಥದು. ಆದರೆ ಭಾನುವಾರದ ಮುಂಜಾನೆ, ಲಾರಿಗಳು ರಸ್ತೆಯಂಚಿನಲ್ಲಿ ಸಾಲುಗಟ್ಟಿ ನಿಂತಿರುವ ಹೊತ್ತಿನಲ್ಲಿ, ಅಲ್ಲಿ ನಾನೂ ನನ್ನ ಪಾಳಿಯ ಗೆಳೆಯನೊಬ್ಬನೂ ತಾಗಿಸುವ ಬೆತ್ತಗಳ ಸದ್ದು ದೂರದವರೆಗೆ ಕೇಳುತ್ತದೆ. ನಾವು ಕಲಿಯುತ್ತಿರುವುದು ಫಿಲಿಪ್ಪೀನ್ಸ್ ದ್ವೀಪಗಳ ದೊಣ್ಣೆವರಸೆ. ಕಲಿಸುವುದು ಮೊಬೈಲಿನ ವೀಡಿಯೋ ಪಾಠ.

ಆರ್ನಿಸ್, ಎಸ್ಕ್ರಿಮಾ, ಕಾಲಿ ಎಂದು ಮೂರು ಹೆಸರುಗಳುಳ್ಳ ಈ ವಿದ್ಯೆಯ ಮೊದಲೆರಡು ಹೆಸರುಗಳು ಸ್ಪ್ಯಾನಿಷ್ ಮೂಲದವು. ಮೂರು ಶತಮಾನಗಳಿಗೂ ಮಿಕ್ಕಿ ನಡೆದ ಪರಕೀಯ ಪ್ರಭುತ್ವದ ಗುರುತು ಅಲ್ಲಿನ ಆಯುಧವಿದ್ಯೆಯ ಮಾತಿನಲ್ಲಿಯೂ ಉಳಿದಿದೆ. 1932ರಲ್ಲಿ ಅಲ್ಲಿನ ಸೆಬು ನಗರದಲ್ಲಿ ಈ ವಿದ್ಯೆಯ ‘ಡೋಸೆ ಪಾರೆಸ್’ ಎಂಬ ಸಂಘವು ಸ್ಥಾಪಿತವಾಯಿತು. 2009ರಲ್ಲಿ ಆ ದೇಶದ ಶಾಸನವು ಆರ್ನಿಸನ್ನು ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿತು. ಇವೆರಡರ ನಡುವಣ ಕಾಲದಲ್ಲಿ ರೆಮಿ ಪ್ರೇಸಾಸ್ ಎಂಬ ಗುರುವು ಮಾಡಿದ ಮಾರ್ಪಾಡೊಂದನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಆಯುಧ ಹಿಡಿದ ಕೈಗೇ ಹೊಡೆಯುವುದು ಹಳೆಯ ಪದ್ಧತಿಯಾಗಿತ್ತು. ಅದನ್ನು ‘ಹಾವಿನ ಹಲ್ಲು ಕೀಳುವುದು’ ಎನ್ನುತ್ತಾರೆ. ಅಭ್ಯಾಸದಲ್ಲಿ ಬೆರಳು ಮುರಿದುಕೊಂಡವರು ವಿದ್ಯೆಯನ್ನೇ ಬಿಟ್ಟುಹೋಗುವುದನ್ನು ತಪ್ಪಿಸಲು ಆತನು ಕೋಲಿಗೆ ಕೋಲನ್ನೇ ತಾಗಿಸುವ ಕ್ರಮವನ್ನು ಬಳಕೆಗೆ ತಂದನು.

ಕೋಲು ಸುಮಾರು 28 ಅಂಗುಲದ ಬೆತ್ತ. ಬಿದಿರಾದರೆ ಸೀಳಿ ಸಿಬಿರು ಹಾರುವುದು, ಗಟ್ಟಿಮರವಾದರೆ ಪೆಟ್ಟಿನ ಅದಿರು ಮಣಿಕಟ್ಟಿಗೆ ಏರುವುದು. ಬೆತ್ತವೋ ನಾರುನಾರಾಗಿ ಸವೆಯುತ್ತದೆಯೇ ಹೊರತು ಸಿಡಿಯುವುದಿಲ್ಲ. ಬೇರೆ ಅನೇಕ ವಿದ್ಯೆಗಳಲ್ಲಿ ಬರಿಗೈ ಮೊದಲು, ಆಯುಧ ಅನಂತರ. ಇಲ್ಲಿ ಆಯುಧವೇ ಅಕ್ಷರಾಭ್ಯಾಸ. ಹೊಡೆತಗಳನ್ನು ಅವು ಬರುವ ದಿಕ್ಕನ್ನು ನೋಡಿ ಸಂಖ್ಯೆಯಿಂದ ಗುರುತಿಸುತ್ತಾರೆ. ಅನೇಕ ಸಂಪ್ರದಾಯಗಳಲ್ಲಿ ಅವು ಹನ್ನೆರಡು. ಓರೆಯಾಗಿ ಕಪಾಲದತ್ತ ಇಳಿಯುವ ರೇಖೆಯೊಂದನ್ನು ಕೈ ಒಮ್ಮೆ ಅರಿತರೆ, ಅದೇ ರೇಖೆಯಲ್ಲಿ ಕೋಲೂ ಕತ್ತಿಯೂ ಬರಿಗೈಯೂ ಚಲಿಸಬಲ್ಲವು. ಸಂಖ್ಯೆಗಳ ಈ ಅನುಕೂಲದಿಂದಲೇ ವೀಡಿಯೋ ನೋಡಿ ಕಲಿಯಲು ನಮಗೆ ಧೈರ್ಯ ಬಂದುದು. ತೊಡಕೂ ಅಲ್ಲಿಯೇ ಇದ್ದಿತು. ಒಂದು ಸಂಪ್ರದಾಯದ ಐದನೆಯ ಹೊಡೆತವು ಇನ್ನೊಂದರ ಐದನೆಯದಲ್ಲ. ಎದುರುಮುಖವಾಗಿ ನಿಂತ ಗುರುವಿನ ಬಲಗೈ ನಮ್ಮ ಕಣ್ಣಿಗೆ ಎಡಗಡೆಯಲ್ಲಿರುತ್ತದೆ. ಎರಡು ತಿಂಗಳು ನಾನು ಅನೇಕ ಹೊಡೆತಗಳನ್ನು ತಿರುವುಮುರುವಾಗಿಯೇ ಕಲಿತಿದ್ದೆ.

ಜೋಡಿ ಬೆತ್ತಗಳ ಅಭ್ಯಾಸಕ್ಕೆ ಸಿನಾವಲಿ ಎಂದು ಹೆಸರು. ‘ಸಾವಲಿ’ ಎಂದರೆ ಸೀಳಿದ ಬಿದಿರಿನಿಂದ ಹೆಣೆದ ಗೋಡೆ, ನಾವು ತಟ್ಟಿ ಎನ್ನುವುದು. ಮೇಲೆ, ಕೆಳಗೆ, ಮತ್ತೆ ಮೇಲೆ ಎಂದು ನಾಲ್ಕು ಕೋಲುಗಳು ಗಾಳಿಯಲ್ಲಿ ತಟ್ಟಿಯನ್ನು ಹೆಣೆಯುವಂತೆ ತೋರುವುದರಿಂದ ಆ ಹೆಸರು. ನಾನು ವಾರಗಟ್ಟಲೆ ಎಡವಿದ ಈ ಹೆಣಿಗೆಯನ್ನು ನನ್ನ ಗೆಳೆಯನು ಒಂದೇ ಸಂಜೆಯಲ್ಲಿ ಹಿಡಿದುಬಿಟ್ಟನು. ಕಾರಣ ಕೇಳಿದರೆ, ಬಾಲ್ಯದಲ್ಲಿ ತನ್ನೂರಿನಲ್ಲಿ ಕೋಲಾಟ ಆಡಿದವನಂತೆ. ಹಗ್ಗಗಳನ್ನು ಹೆಣೆಯುತ್ತ ಬಿಚ್ಚುತ್ತ ಸುತ್ತುವ ಜಡೆಕೋಲಾಟವೂ ನೇಯ್ಗೆಯೇ ಅಲ್ಲವೆ? ಸಮುದ್ರದಾಚೆಯ ವಿದ್ಯೆಗೆ ಬೇಕಾದ ತಾಳವು ನಮ್ಮ ಹಳ್ಳಿಯ ಹುಡುಗನ ಮಣಿಕಟ್ಟಿನಲ್ಲಿ ಮೊದಲೇ ಇದ್ದಿತೆಂಬುದು ನನಗೆ ಅತ್ಯಂತ ಸಂತೋಷದ ಸಂಗತಿ.

ಚೂರಿಯ ಮಾತು ಬೇರೆ. ವೀಡಿಯೋಗಳಲ್ಲಿ ಚೂರಿಯನ್ನು ಕಸಿದುಕೊಳ್ಳುವ ಚಮತ್ಕಾರಗಳು ಹೇರಳವಾಗಿವೆ. ಅವನ್ನು ನಂಬಿ ನಿಜವಾದ ಚೂರಿಯೆದುರು ನಿಲ್ಲುವವನು ಪ್ರಾಣವನ್ನೇ ಪಣವಿಟ್ಟಂತೆ. ಒಂದು ಭಾನುವಾರ ಮರದ ಚೂರಿಯ ಅಂಚಿಗೆ ಸೀಮೆಸುಣ್ಣವನ್ನು ತಿಕ್ಕಿ, ನಾನು ಕಪ್ಪು ಅಂಗಿ ತೊಟ್ಟು ನಿಂತೆ. ಅರ್ಧ ನಿಮಿಷದೊಳಗೆ ಮುಂಗೈ, ಪಕ್ಕೆ, ಕೊರಳುಗಳ ಮೇಲೆ ಹನ್ನೊಂದು ಬಿಳಿಗೆರೆಗಳು. ಕಸಿದುಕೊಂಡದ್ದು ಒಮ್ಮೆಯೂ ಇಲ್ಲ. ಎದುರಿನವನು ಎಷ್ಟು ದೂರದಲ್ಲಿದ್ದಾನೆ, ಅವನ ಇನ್ನೊಂದು ಕೈ ಎಲ್ಲಿ ಸುಳಿಯುತ್ತಿದೆ ಎಂಬುದನ್ನು ಪರದೆಯು ಕಣ್ಣಿಗೆ ತೋರಿಸೀತು, ಮೈಗೆ ತಿಳಿಸಲಾರದು. ದಾರಿಯಿದ್ದರೆ ಓಡಿ ಪಾರಾಗಬೇಕೆಂಬ ಪ್ರಾಮಾಣಿಕ ಗುರುಗಳ ಉಪದೇಶವು ನನಗೆ ಅರ್ಥವಾದುದು ಅಂದೇ.

ಈಗ ಮೊದಲ ಅರ್ಧ ಗಂಟೆ ಮೊಬೈಲು ಚೀಲದಲ್ಲಿಯೇ ಇರುತ್ತದೆ. ಗೆಳೆಯನು ಕೋಲಾಟದ ಎಣಿಕೆ ಹೇಳುತ್ತಾನೆ. ನಾನು ಅವನ ಎದೆಯ ಮೇಲೆ ದೃಷ್ಟಿಯಿಟ್ಟು ಬೆತ್ತ ತಾಗಿಸುತ್ತೇನೆ.